ಅತಿ ನಾಣ್ಯಸ್ಥನ ಪಟ್ಟ

ಬಹಳ ಹಿಂದೆ, ಅಂದರೆ ಪತ್ರಿಕೆ ಓದುವ ನಿಮಗೆ ಯಾವ ಅನುಮಾನವೂ ಬರಬಾರದಷ್ಟು ಹಿಂದೆ, ಥಳಕುನಾಡು ಎಂಬ ರಾಜ್ಯವಿತ್ತು. ತಾಮ್ರದ ಕಾಸಿನ ಮೇಲೆ ತಮ್ಮ ಮುಖ ಸವೆಯುತ್ತಿರುವುದನ್ನು ಕಂಡು ನೊಂದ ಅತಿನವೀನವರ್ಮ ಮಹಾರಾಜರು ಕ್ರಿಪ್ಟೋ ನಾಣ್ಯವನ್ನು ಜಾರಿಗೆ ತಂದರು. ಅದು ಕಣ್ಣಿಗೆ ಕಾಣುವುದಿಲ್ಲ. ಯಾರು ಕೊಟ್ಟರು, ಯಾರಿಗೆ ಹೋಯಿತು ಎಂಬುದು ಯಾರಪ್ಪನಿಗೂ ತಿಳಿಯುವುದಿಲ್ಲ. "ಪ್ರಭು, ದೇವರಿಗೂ ಇದೇ ಗುಣವಲ್ಲವೇ" ಎಂದು ಮಂತ್ರಿ ತಲೆದೂಗಯ್ಯ ಒಂದು ಜಹಗೀರು ಪಡೆದ.

ಆ ನಾಣ್ಯದ ಮಹಿಮೆಯನ್ನು ಎಲ್ಲರಿಗಿಂತ ಮೊದಲು ಅರಿತವನು ದರೋಡೆಕೋರ ಕತ್ತಲೆ ಕೆಂಚ. ಅವನು ಗಾಣದ ದುಗ್ಗಪ್ಪನನ್ನು ಹೊತ್ತೊಯ್ದು, ಬಿಡುಗಡೆಗೆ ಕ್ರಿಪ್ಟೋವನ್ನೇ ಕಳಿಸಬೇಕೆಂದು ಅವನ ಹೆಂಡತಿ ಹೊಂಬಾಳಮ್ಮನಿಗೆ ಹೇಳಿಕಳಿಸಿದ. ಅವಳು ಗಾಣವನ್ನೂ ಎತ್ತನ್ನೂ ಮಾರಿ ಕಳಿಸಿದಳು. ನಾಣ್ಯ ಹೋಯಿತು, ಗಂಡ ಬರಲಿಲ್ಲ. ಅವಳು ಆಸ್ಥಾನಕ್ಕೆ ಬಂದಳು.

"ನಮ್ ಯಜಮಾನ್ರನ್ನ ಬುಡಿಸ್ಕೊಡಿ ಬುದ್ದಿ. ಹೊತ್ಕೊಂಡೋಗಿರೋನು ಕೆಂಚ ಅಂತ ಊರಿಗೆಲ್ಲ ಗೊತ್ತು."

"ಊರಿಗೆ ಗೊತ್ತಿದ್ದರೆ ಸಾಲದಮ್ಮ, ವ್ಯವಸ್ಥೆಗೆ ಗೊತ್ತಾಗಬೇಕು," ತಲೆದೂಗಯ್ಯ ಕನಿಕರದಿಂದ ಹೇಳಿದ. "ನಮ್ಮ ನಾಣ್ಯಕ್ಕೆ ಪ್ರೈವೆಸಿ ಇದೆ."

"ಅದ್ಯಾವ್ದೂ ನಂಗೆ ಬ್ಯಾಡ ಬುದ್ದಿ. ಅವ್ರು ಮನೆಗೆ ಬಂದ್ರೆ ಸಾಕು."

ಈ ಮಾತಿಗೆ ಅಲ್ಲಿ ಒಬ್ಬನೂ ತಲೆ ತಗ್ಗಿಸಲಿಲ್ಲವಲ್ಲ, ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ದರೋಡೆಕೋರರನ್ನು ಹಿಡಿಯಲು ಒಬ್ಬ ನಾಣ್ಯಸ್ಥ ಬೇಕು, ಅವನನ್ನು ಅಳೆಯುವುದು ಹೇಗೆಂದು ಆಸ್ಥಾನ ಪಂಡಿತರು ನಿಘಂಟು ತೆರೆದರು. ನಾಣ್ಯವೆಂದರೆ ಕಾಸು, ನಾಣ್ಯವೆಂದರೆ ಪ್ರಾಮಾಣಿಕತೆಯೂ ಹೌದು. ಆದಕಾರಣ ಯಾರಲ್ಲಿ ನಾಣ್ಯ ಹೆಚ್ಚೋ ಅವರೇ ಹೆಚ್ಚು ನಾಣ್ಯಸ್ಥರು. ಇಷ್ಟು ಸುಲಭದ ಅಳತೆ ಇಷ್ಟು ದಿನ ಹೊಳೆಯಲಿಲ್ಲವೇ ಎಂದು ಮರುಗಿದ ಮಹಾರಾಜರು, ಅತಿ ನಾಣ್ಯಸ್ಥನೇ ಇನ್ನು ನಗರದ ಕೊತ್ವಾಲನೆಂದು ಡಂಗುರ ಸಾರಿಸಿದರು.

ಕೆಂಚ ಎದೆಯುಬ್ಬಿಸಿ ಬಂದು ನಿಂತ. ಅಷ್ಟು ನಾಣ್ಯ ಎಲ್ಲಿಂದ ಬಂತೆಂದು ಕೇಳುವುದು ಪ್ರೈವೆಸಿಗೆ ವಿರುದ್ಧವಾದ್ದರಿಂದ ಯಾರೂ ಕೇಳಲಿಲ್ಲ. ಅವನನ್ನು ಆನೆಯ ಮೇಲೆ ಕೂರಿಸಿ ಮೆರೆಸಿ, ಕೊತ್ವಾಲನ ಪೇಟ ತೊಡಿಸಲಾಯಿತು. ಮೆರವಣಿಗೆಯ ಖರ್ಚಿಗೆ ಮನೆಮನೆಯ ಒಲೆಗೂ ತೆರಿಗೆ ಬಿತ್ತು.

ಹೊಸ ಕೊತ್ವಾಲ ಮೊದಲ ದಿನವೇ ಹೊಂಬಾಳಮ್ಮನನ್ನು ಕರೆಸಿದ.

"ನಿನ್ ಗಂಡ ಸಿಕ್ಕವ್ನೆ ಕಣವ್ವ."

ಅವಳು ಅತ್ತು ಕೈಮುಗಿದಳು.

"ನಮ್ ವಶದಲ್ಲೇ ಅವ್ನೆ. ಆದ್ರೆ ಅವ್ನತ್ರ ಒಂದು ನಾಣ್ಯಾನೂ ಇಲ್ಲ. ನಾಣ್ಯ ಇಲ್ಲದೋನ್ನ ಕಾನೂನು ಹೆಂಗೆ ಬುಡ್ತದೆ? ಜಾಮೀನು ಕಟ್ಟು."

"ಎಷ್ಟು ಬುದ್ದಿ?"

"ಹೋದ್ಸಲದಷ್ಟೇ," ಎಂದ ಕೆಂಚ. "ಮ್ಯಾಲೆ ತೆರಿಗೆ. ಆದ್ರೆ ಈ ಸಲ ರಸೀದಿ ಸಿಕ್ತದೆ."