ತೂಗುಕುರ್ಚಿ ಹಾಗೂ ಅದರ ಮೇಲಿದ್ದ ಮಗು

ನ್ಯಾಯಾಲಯದ ವಶಕ್ಕೆ ಬಂದ ಯಾವುದೇ ವಸ್ತು, ತೀರ್ಪು ಹೊರಬೀಳುವವರೆಗೆ, ಬಂದಾಗ ಹೇಗಿತ್ತೋ ಹಾಗೆಯೇ ಇರತಕ್ಕದ್ದು. ಈ ನಿಯಮ ನಾನು ಮಾಡಿದ್ದಲ್ಲ. ನಾನು ಕೋರ್ಟಿನ ಗುಮಾಸ್ತ. ಕಣ್ಣಿಗೆ ಕಂಡದ್ದನ್ನು ಬರೆಯುವುದಷ್ಟೇ ನನ್ನ ಕೆಲಸ. ಕಂಡದ್ದು ಸರಿಯೋ ತಪ್ಪೋ ಎಂದು ತಲೆ ಕೆಡಿಸಿಕೊಳ್ಳಲು ನನಗಿಂತ ಹೆಚ್ಚು ಸಂಬಳದವರು ಮೇಲೆ ಕೂತಿದ್ದಾರೆ.

ಪ್ರಕರಣ ಸಣ್ಣದು. ವರ್ತಕರೊಬ್ಬರ ಮನೆಯ ಬೆತ್ತದ ತೂಗುಕುರ್ಚಿ ಕಳುವಾಗಿ, ಒಬ್ಬ ಬಡಗಿಯ ಅಂಗಡಿಯಲ್ಲಿ ಸಿಕ್ಕಿತ್ತು. ಬಡಗಿಯ ಪರವಾಗಿ ನಿಂತ ವಕೀಲೆಗೆ ನಮ್ಮ ಕೋರ್ಟಿನಲ್ಲಿ ಉಸಿರಾಡಲೂ ಬಿಡುವಿಲ್ಲ. ಏಕಕಾಲಕ್ಕೆ ಎರಡು ಹಾಲ್‌ಗಳಲ್ಲಿ ಅವರ ಹೆಸರು ಕೂಗುತ್ತಾರೆ, ಎರಡರಿಂದಲೂ ‘ಬಂದೆ ಸ್ವಾಮಿ’ ಎಂಬ ದನಿ ಕೇಳುತ್ತದೆ. ಅವರಿಗೆ ಐದು ವರ್ಷದ ಮಗಳು. ಮನೆಯಲ್ಲಿ ಪಿಟೀಲು ಎಂದು ಕರೆಯುತ್ತಾರೆ, ಅಳು ಶುರುವಾದರೆ ಅಷ್ಟು ಸಣ್ಣಗೆ, ಅಷ್ಟು ಹೊತ್ತು ಎಳೆಯುತ್ತಾಳೆಂದು. ತಂದೆಯದು ಊರೂರು ಸುತ್ತಿ ಔಷಧಿ ಮಾರುವ ಕೆಲಸ.

ಅಂದು ಶಿಶುವಿಹಾರದಲ್ಲಿ ನೀರಿನ ಪೈಪು ಒಡೆದು ರಜೆ ಕೊಟ್ಟಿದ್ದರು. ವಕೀಲೆ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡೇ ಬಂದರು. ನಮ್ಮ ಹಾಲಿನ ಬಾಗಿಲ ಮೇಲೆ ಹಲಗೆಯಿದೆ: ವಕೀಲರು, ಕಕ್ಷಿದಾರರು, ಸಾಕ್ಷಿಗಳು, ಆರೋಪಿಗಳು ಹಾಗೂ ಮುದ್ದೆಮಾಲು ಹೊರತು ಬೇರಾರಿಗೂ ಪ್ರವೇಶವಿಲ್ಲ. ಮುದ್ದೆಮಾಲು ಎಂದರೆ ಪ್ರಕರಣದಲ್ಲಿ ಜಪ್ತಿಯಾಗಿ ಬಂದ ವಸ್ತು. ಮಗು ಇವುಗಳಲ್ಲಿ ಯಾವುದೂ ಅಲ್ಲವೆಂದು ಜವಾನ ತಡೆದ. ಅಷ್ಟರಲ್ಲಿ ಹೆಸರು ಕೂಗಿದರು. ವಕೀಲೆ ಮಗುವನ್ನು ಹತ್ತಿರದಲ್ಲಿದ್ದ ಕುರ್ಚಿಯ ಮೇಲೆ ಕೂರಿಸಿ ಪಾಟೀಸವಾಲಿಗೆ ಓಡಿದರು.

ಹತ್ತಿರದಲ್ಲಿದ್ದದ್ದು ಆ ತೂಗುಕುರ್ಚಿಯೇ. ತೂಗಿಕೊಂಡು ಮಗು ನಿದ್ದೆ ಹೋಯಿತು.

ಮುದ್ದೆಮಾಲನ್ನು ಗುರುತಿಸುವ ಹೊತ್ತು ಬಂದಾಗ ನಾನು ಕಂಡದ್ದನ್ನು ಬರೆದೆ: “ಬೆತ್ತದ ತೂಗುಕುರ್ಚಿ ಒಂದು, ಹಾಗೂ ಅದರ ಮೇಲೆ ಮಲಗಿರುವ ಮಗು ಒಂದು, ಹಳದಿ ಫ್ರಾಕಿನದು.” ಗಟ್ಟಿಯಾಗಿ ಓದಿಯೂ ಹೇಳಿದೆ.

“ಆಕ್ಷೇಪಣೆ ಇದೆಯೇ?” ಎಂದರು ನ್ಯಾಯಾಧೀಶರು.

ವಕೀಲೆ ಮುಂದಿನ ಪ್ರಶ್ನೆ ಹುಡುಕುತ್ತಿದ್ದರು. ತಲೆ ಎತ್ತಲಿಲ್ಲ. “ಇಲ್ಲ ಸ್ವಾಮಿ.”

ಮನೆಯಲ್ಲಿ ಪಿಟೀಲು ಏನು ಕೇಳಿದರೂ ಅವರು ಹೀಗೇ ತಲೆ ಎತ್ತದೆ ‘ಹ್ಞೂಂ’ ಅನ್ನುತ್ತಾರಂತೆ. ಮೊಹರು ಬಿತ್ತು.

ಸಂಜೆ ವಕೀಲೆ ಗಾಬರಿಯಿಂದ ನನ್ನ ಮೇಜಿಗೆ ಬಂದರು. “ನನ್ನ ಮಗು ಎಲ್ರೀ?”

“ಮುದ್ದೆಮಾಲು ಕೋಣೆಯಲ್ಲಿದೆ ಮೇಡಂ. ಬಿಸ್ಕತ್ತು ತಿಂತಾ ಇದೆ.”

“ನಿಮಗೇನು ತಲೆ ಕೆಟ್ಟಿದ್ಯಾ? ಅದು ಮಗು ಕಣ್ರೀ!”

“ನಾನೂ ಹಾಗೇ ಬರೆದಿದ್ದೀನಿ ಮೇಡಂ. ಮಗು ಒಂದು.”

ತಕ್ಷಣ ಅರ್ಜಿ ಹಾಕಿದರು. ನ್ಯಾಯಾಧೀಶರು ಕರುಣಾಳು. ಮಗುವನ್ನು ಸಂಜೆ ಮನೆಗೆ ಒಯ್ಯಬಹುದು, ಬೆಳಿಗ್ಗೆ ತಂದೊಪ್ಪಿಸಬೇಕು ಎಂದು ಮುಚ್ಚಳಿಕೆ ಬರೆಸಿಕೊಂಡು ಆದೇಶ ಮಾಡಿದರು. ಷರತ್ತು ಎರಡು. ವಸ್ತುವಿನ ಆಕಾರದಲ್ಲಿ ಬದಲಾವಣೆ ಆಗಕೂಡದು. ಪ್ರತಿದಿನ ಮಧ್ಯಾಹ್ನ ಮುಚ್ಚಳಿಕೆ ಕೊಟ್ಟವರು ಖುದ್ದಾಗಿ ಬಂದು, ಫೋನು ಹೊರಗಿಟ್ಟು, ವಸ್ತುವನ್ನು ಕೂಲಂಕಷವಾಗಿ ಪರಿಶೀಲಿಸತಕ್ಕದ್ದು.

ಮೊದಲೆರಡು ದಿನ ವಕೀಲೆ ಗಡಿಯಾರ ನೋಡುತ್ತಲೇ ಪರಿಶೀಲಿಸಿದರು. ಆಮೇಲೆ ನೆಲದ ಮೇಲೆ ಕೂತರು. ಮಗು ಮಂಡಿಯ ಗಾಯ ತೋರಿಸಿತು, ಅವರು ಪರಿಶೀಲಿಸಿದರು. ಹಾಡು ಹೇಳಿತು, ಅದನ್ನೂ ಪರಿಶೀಲಿಸಿದರು. ಬೇರೆ ವಕೀಲರು ಕಿಟಕಿಯಲ್ಲಿ ಇಣುಕಿ, ಹೊಟ್ಟೆ ಉರಿಸಿಕೊಂಡು ಹೋಗುತ್ತಿದ್ದರು.

ಹೀಗೇ ಕೆಲವು ತಿಂಗಳು ಕಳೆದ ಮೇಲೆ, ಒಂದು ಮಧ್ಯಾಹ್ನ ಪರಿಶೀಲನೆಯ ವೇಳೆಯಲ್ಲೇ ಪಿಟೀಲುವಿನ ಮುಂದಿನ ಹಲ್ಲು ತಾಯಿಯ ಅಂಗೈಗೆ ಬಿತ್ತು. ಸರ್ಕಾರಿ ವಕೀಲರಿಗೆ ಸುದ್ದಿ ಮುಟ್ಟಿತು.

“ಸ್ವಾಮಿ, ಇದು ಸಾಕ್ಷ್ಯನಾಶ,” ಎಂದು ಅವರು ಮರುದಿನ ಗುಡುಗಿದರು. “ವಸ್ತುವಿನ ಬಿಡಿಭಾಗ ಕಳಚಲಾಗಿದೆ. ಜೊತೆಗೆ ಫ್ರಾಕೂ ಗಿಡ್ಡ ಆಗಿದೆ. ಫ್ರಾಕು ಕುಗ್ಗಿರಬೇಕು, ಇಲ್ಲಾ ಮಗು ಬೆಳೆದಿರಬೇಕು. ಎರಡೂ ಷರತ್ತಿಗೆ ವಿರುದ್ಧ. ಮುಚ್ಚಳಿಕೆ ರದ್ದು ಮಾಡಿ ಹಗಲೂ ರಾತ್ರಿ ಕೋಣೆಯಲ್ಲೇ ಇಡಬೇಕು.”

ದೊಡ್ಡ ದೊಡ್ಡ ಕಳ್ಳರನ್ನು ನಿರಾಯಾಸವಾಗಿ ಬಿಡಿಸಿದ ವಕೀಲೆ ಎದ್ದು ನಿಂತರು. “ಬೆಳೀದೇ ಇರೋಕೆ ಆಗುತ್ತಾ ಸ್ವಾಮಿ?” ಎಂದಷ್ಟೇ ಹೇಳಿದರು. ಅಂಗೈ ಬಿಚ್ಚಿ ಹಲ್ಲು ತೋರಿಸಿದರು. ಅವರು ಅಳುತ್ತಿದ್ದರು. ಅದನ್ನು ನಾನು ದಾಖಲಿಸಲಿಲ್ಲ, ಅದಕ್ಕೆ ಕಾಲಂ ಇಲ್ಲ.

ನ್ಯಾಯಾಧೀಶರು ಬಹಳ ಹೊತ್ತು ಯೋಚಿಸಿ ಆದೇಶ ಬರೆಸಿದರು: ಹಲ್ಲು ಬೀಳುವುದು ಸಹಜ ಸವೆತ, ಅದಕ್ಕೆ ಯಾರೂ ಹೊಣೆಯಲ್ಲ. ಆದರೆ ಅದೇ ಜಾಗದಲ್ಲಿ ಹೊಸ ಹಲ್ಲು ಬರುವುದು ಹೆಚ್ಚುವರಿ ನಿರ್ಮಾಣ. ಪೂರ್ವಾನುಮತಿ ಪಡೆಯತಕ್ಕದ್ದು. ಅನುಮತಿ ಕೊಡಲಾಗಿದೆ.

ಪ್ರಕರಣ ಮಾತ್ರ ಕುಸಿದುಬಿತ್ತು. ಕುರ್ಚಿ ಕಳುವಾಗಿರಲೇ ಇಲ್ಲ. ವರ್ತಕರೇ ರಿಪೇರಿಗೆಂದು ಬಡಗಿಗೆ ಕೊಟ್ಟು ಮರೆತಿದ್ದರು. ಬಡಗಿ ನಿರ್ದೋಷಿಯೆಂದು ನ್ಯಾಯಾಧೀಶರು ತೀರ್ಪು ಓದತೊಡಗಿದರು. ಕುರ್ಚಿ ವರ್ತಕರಿಗೆ, ಮಗು ತಾಯಿಗೆ. ಮುಚ್ಚಳಿಕೆ, ಪರಿಶೀಲನೆ ಎಲ್ಲ ಇಲ್ಲಿಗೆ ಮುಕ್ತಾಯ.

“ಆಕ್ಷೇಪಣೆ ಇದೆಯೇ?”

ವಕೀಲೆ ಆಗಲೇ ಮುಂದಿನ ಕಟ್ಟು ಬಿಚ್ಚುತ್ತಿದ್ದರು. ಪಕ್ಕದ ಹಾಲಿನಲ್ಲಿ ಅವರ ಹೆಸರು ಕೂಗುತ್ತಿದ್ದರು. “ಇಲ್ಲ ಸ್ವಾಮಿ,” ಎಂದರು, ತಲೆ ಎತ್ತದೆ.

“ನಂಗಿದೆ,” ಎಂದಿತು ಕುರ್ಚಿಯ ಮೇಲಿನ ಮುದ್ದೆಮಾಲು.

ಮುದ್ದೆಮಾಲು ಮಾತಾಡುವ ಬಗ್ಗೆ ನಿಯಮಗಳಲ್ಲಿ ಏನೂ ಇಲ್ಲ. ಹಾಗಾಗಿ ಯಾರೂ ತಡೆಯಲಿಲ್ಲ.

“ಏನಮ್ಮ ನಿನ್ನ ಆಕ್ಷೇಪಣೆ?”

“ಮನೇಲಿ ಅಮ್ಮ ನನ್ನ ನೋಡಲ್ಲ. ಇಲ್ಲಿ ನೋಡ್ಲೇಬೇಕು. ರೂಲ್ಸ್ ಇದೆ.”

ವಕೀಲೆ ಕಟ್ಟನ್ನು ಕೆಳಗಿಟ್ಟು ಮಗಳ ಕಡೆ ನೋಡಿದರು. ಪಕ್ಕದ ಹಾಲಿನವರು ಮತ್ತೆ ಕೂಗಿದರು. ವಕೀಲೆ ಓಗೊಡಲಿಲ್ಲ. ನನ್ನ ಸೇವಾವಧಿಯಲ್ಲಿ ಹೀಗಾದದ್ದು ಅದೇ ಮೊದಲು.

“ಸ್ವಾಮಿ, ನನಗೂ ಆಕ್ಷೇಪಣೆ ಇದೆ,” ಎಂದರು.

“ಏನ್ರೀ ಇದು? ಗೆದ್ದಿದ್ದೀರಲ್ಲ!”

“ಹೌದು ಸ್ವಾಮಿ. ಅದಕ್ಕೇ ಆಕ್ಷೇಪಣೆ. ಪ್ರಕರಣ ಮುಗೀಬಾರದು.”

ಪ್ರಕರಣ ಮುಗಿಯದಿದ್ದರೆ ನಿರ್ದೋಷಿಯಾದ ಬಡಗಿ ಆರೋಪಿಯಾಗಿಯೇ ಉಳಿಯಬೇಕು. ನ್ಯಾಯಾಧೀಶರು ಅವನ ಕಡೆ ತಿರುಗಿದರು. ಬಡಗಿ ಕೈ ಮುಗಿದ. “ನಂದೇನೂ ಅಡ್ಡಿ ಇಲ್ಲ ಬುದ್ಧಿ. ಕೋರ್ಟಿಗೆ ಬಂದೂ ಬಂದೂ ಅಭ್ಯಾಸ ಆಗ್ಹೋಗಿದೆ. ಮನೇಲಿ ಕೂತ್ರೆ ಹೆಂಡ್ತಿ ಕೆಲ್ಸ ಹೇಳ್ತಾಳೆ.” ವರ್ತಕರೂ ಒಪ್ಪಿದರು, ಆ ಕುರ್ಚಿ ಅವರ ಬೆನ್ನಿಗೆ ಆಗಿಬರುತ್ತಿರಲಿಲ್ಲವಂತೆ. ಸರ್ಕಾರಿ ವಕೀಲರು ಯಾವ ಪ್ರಕರಣವನ್ನೂ ಮುಗಿಸಲು ಎಂದೂ ಅವಸರ ಮಾಡಿದವರಲ್ಲ.

ತೀರ್ಪು ಕಾಯ್ದಿರಿಸಲಾಗಿದೆ. ಮುಂದಿನ ವಾಯಿದೆ, ಮುದ್ದೆಮಾಲಿಗೆ ಹದಿನೆಂಟು ತುಂಬಿದ ಮೇಲೆ.

ಇತ್ತೀಚೆಗೆ ಊರಿನಲ್ಲಿ ಕುರ್ಚಿ ಕಳ್ಳತನ ವಿಪರೀತ ಹೆಚ್ಚಿದೆ. ದೂರು ಕೊಡುವವರು ವಕೀಲರು, ಜಾಮೀನು ಕೊಡುವವರು ವಕೀಲರು, ಕದ್ದವರೂ ಬಹುತೇಕ ವಕೀಲರೇ. ಮುದ್ದೆಮಾಲು ಕೋಣೆಗೆ ತಿಳಿನೀಲಿ ಬಣ್ಣ ಹೊಡೆಸಲಾಗಿದೆ. ಮಧ್ಯಾಹ್ನದ ಪರಿಶೀಲನೆಯ ವೇಳೆ ಯಾವ ಹಾಲಿನಲ್ಲೂ ಯಾರ ಹೆಸರನ್ನೂ ಕೂಗಕೂಡದೆಂದು ಸುತ್ತೋಲೆ ಬಂದಿದೆ. ನ್ಯಾಯಾಧೀಶರ ಮನೆಯ ಮಂಚವೂ ಮೊನ್ನೆ ಕಾಣೆಯಾಗಿತ್ತು. ನಿನ್ನೆ ಸಿಕ್ಕಿದೆ, ಮೇಲೆ ಅವಳಿ ಮೊಮ್ಮಕ್ಕಳಿದ್ದರು.

ನನಗೂ ಒಬ್ಬ ಮಗನಿದ್ದಾನೆ, ಆರು ವರ್ಷದವನು. ಅವನಿಗೆ ಎಷ್ಟು ಹಲ್ಲು ಬಿದ್ದಿವೆ ಎಂದು ಹೆಂಡತಿಯನ್ನು ಕೇಳಬೇಕಾಯಿತು. ನಮ್ಮ ಮನೆಯಲ್ಲಿ ತೂಗುಕುರ್ಚಿ ಇಲ್ಲ. ಒಂದು ಸ್ಟೂಲು ಇದೆ, ನಾಳೆ ಬೆಳಿಗ್ಗೆ ಕಳುವಾಗಲಿದೆ.