ಹಿಮದ ಮೇಲಿನ ಹೊಸ ಪಂದ್ಯ, ಹೊಸನಗರದ ಹಳೆ ಜೋಡಿ

“ಇದ್ದ ಮೂರು ಪಂದ್ಯ ಸಾಲದು ಅಂತ ನಾಲ್ಕನೇದು ಬೇರೆ!”

ನಾಗರಾಜಪ್ಪ ಪೇಪರನ್ನು ಮಂಡಿಗೆ ಬಡಿದರು. ಅದು ಎಪ್ಪತ್ತಾರರ ಫೆಬ್ರವರಿ. ಹೆಂಡತಿ ಪುಷ್ಪಮ್ಮನ ತಮ್ಮನ ಮಗಳ ನಿಶ್ಚಿತಾರ್ಥಕ್ಕೆಂದು ತೀರ್ಥಹಳ್ಳಿಗೆ ಹೊರಟು, ಚಪ್ಪಲಿ ಮೆಟ್ಟಿ ಜಗಲಿಯಲ್ಲಿ ಕೂತಿದ್ದರು.

ಪುಷ್ಪಮ್ಮ: ಎಂತ ಪಂದ್ಯ?

ನಾಗರಾಜಪ್ಪ: ಒಲಿಂಪಿಕ್ಸ್‌ನಲ್ಲಿ ಮಂಜುಗಡ್ಡೆ ಮೇಲೆ ಜಾರೋದು ಕಣೇ. ಗಂಡಸಿಗೊಂದು, ಹೆಂಗಸಿಗೊಂದು, ಜೋಡಿಗೊಂದು ಇತ್ತು. ಜೋಡೀಲಿ ಅವನು ಅವಳನ್ನ ತಲೆ ಮೇಲೆ ಎತ್ತಬೇಕು. ಈ ಸಲ ನೃತ್ಯ ಅಂತ ಇನ್ನೊಂದು ಸೇರಿಸಿದಾರೆ. ಅದೂ ಗಂಡು-ಹೆಣ್ಣೇ!

ಪುಷ್ಪಮ್ಮ: ಅದ್ರಲ್ಲೂ ಎತ್ತಬೇಕಾ?

ನಾಗರಾಜಪ್ಪ: ಅಷ್ಟೆತ್ತರಕ್ಕೆ ಎತ್ತೋ ಹಾಗಿಲ್ಲ. ಬಿಟ್ಟು ದೂರ ಹೋಗೋ ಹಾಗೂ ಇಲ್ಲ. ಹೆಜ್ಜೆಗೆ ಹೆಜ್ಜೆ ಕೂಡ್ಬೇಕು, ಅಷ್ಟೇ. ಅದಕ್ಕೆ ಮಾರ್ಕು ಹಾಕೋಕೆ ಒಂದು ಸಾಲು ಜನ!

ಪುಷ್ಪಮ್ಮ: ಅದೇ ಎಲ್ಲಕ್ಕಿಂತ ಕಷ್ಟದ್ದು.

ನಾಗರಾಜಪ್ಪ: ಜತೇಲಿ ಹೋಗೋದೆಂತ ಕಷ್ಟ?

ಪುಷ್ಪಮ್ಮ: ನಾನು ಬೀಗ ಹಾಕೋದ್ರೊಳಗೆ ನೀವು ಮೋರಿ ದಾಟಿರ್ತೀರಿ. ಹೋದ ದೀಪಾವಳಿಗೆ ಎಂತಾಯ್ತು?

ನಾಗರಾಜಪ್ಪ ಪೇಪರಿನ ಹಿಂದೆ ಅಡಗಿದರು. ಹೋದ ದೀಪಾವಳಿಗೆ ಅವರು ಮುಂದಾಗಿ ಹೋಗಿ ಬಸ್ ಹತ್ತಿದ್ದರು. ಹಿಂದೆ ಓಡಿ ಬಂದ ಪುಷ್ಪಮ್ಮನಿಗೆ ಸಿಕ್ಕಿದ್ದು ಬರೀ ಹೊಗೆ.

ನಾಗರಾಜಪ್ಪ: ಎರಡು ಟಿಕೆಟ್ ತಗೊಂಡಿದ್ದೆ ಕಣೇ.

ಪುಷ್ಪಮ್ಮ: ಹೌದು, ನನ್ನ ಟಿಕೆಟ್ ತವರು ನೋಡ್ಕೊಂಡು ಬಂತು. ಇವತ್ತು ನನ್ನ ಬಿಟ್ಟು ಮುಂದೆ ಹೋದ್ರೋ, ನಾ ವಾಪಸ್ ಮನೆಗೆ. ‘ಅಕ್ಕ ಎಲ್ಲಿ’ ಅಂದ್ರೆ ನೀವೇ ಹೇಳ್ಕೊಳ್ಳಿ.

ನಾಗರಾಜಪ್ಪ: ಪಕ್ಕದಲ್ಲೇ ನಡೆದ್ರೆ ಊರವ್ರು ಎಂತ ಅಂತಾರೆ?

ಪುಷ್ಪಮ್ಮ: ಅವ್ರು ಲೋಕದೆದುರಿಗೆ ಜಾರ್ತಾರೆ. ನೀವು ಬರೀ ನಡೀರಿ.

ಪುಷ್ಪಮ್ಮ ಬೀಗ ಹಾಕಿ ಗಂಡನ ತೋಳು ಹಿಡಿದರು. ನಾಗರಾಜಪ್ಪ ತಲೆ ತಗ್ಗಿಸಿ ಹೆಜ್ಜೆ ಕೂಡಿಸಿದರು. ಹೀಗೆ ಕೂಡಿಸುತ್ತ ಬಸ್ ನಿಲ್ಲುವ ತಿರುವಿಗೆ ಬರುವಾಗ ಬಸ್ ಹೊರಟೇಬಿಟ್ಟಿತ್ತು. ಹೂ ಮಾರುವ ಗುತ್ಯಮ್ಮ ಈ ಜೋಡಿಯನ್ನು ಕಂಡವಳೇ ಬುಟ್ಟಿ ಇಳಿಸಿ ಬಸ್ಸಿಗೆ ಅಡ್ಡ ನಿಂತಳು.

ಗುತ್ಯಮ್ಮ: ನಿಲ್ಸ್ರೋ! ನಾಗರಾಜಪ್ಪೋರಿಗೆ ಜೋರು ಕಾಯಿಲೆ! ಅಮ್ಮೋರು ಹಿಡ್ಕೊಂಡು ಬರ್ತಿದಾರೆ!

ಬಸ್ ನಿಂತಿತು. ಕಂಡಕ್ಟರ್ ಇಳಿದು ಬಂದು ಇನ್ನೊಂದು ತೋಳು ಹಿಡಿದ. ಮುಂದಿನ ಸೀಟಿನವರಿಬ್ಬರು ಎದ್ದು ಜಾಗ ಬಿಟ್ಟರು.

ನಾಗರಾಜಪ್ಪ: ನಂಗೆಂತ ಕಾಯಿಲೆ...

ಪುಷ್ಪಮ್ಮ (ಕಿವಿಯಲ್ಲಿ): ಸುಮ್ನೆ ನರಳಿ ಮಾರಾಯ್ರೆ. ಕೊನೇಲಿ ಮಾರ್ಕು ಕಳೀಬೇಡಿ.

ನಾಗರಾಜಪ್ಪ ನರಳಿದರು.

ಕಂಡಕ್ಟರ್: ಎಷ್ಟು ಟಿಕೆಟ್ ಅಮ್ಮಾ?

ಪುಷ್ಪಮ್ಮ: ಎರಡು. ಈ ಸಲ ಎರಡಕ್ಕೂ ಜನ ಇದ್ದಾರೆ.