ತಗಡಿನ ಶೆಡ್ಡು ಮತ್ತು ಭಾವನ ಕವಳ

ನನಗೊಂದು ಕೆಟ್ಟ ಚಟವಿದೆ. ಬೀಡಿಯಲ್ಲ, ಇಸ್ಪೀಟೂ ಅಲ್ಲ. ಬೇರೆಯವರು ಮಾಡಬೇಕಾದ ಕೆಲಸ ಕಂಡರೆ "ಅದೆಂತ ಮಹಾ, ಆನೇ ಮಾಡ್ತೆ" ಎಂದುಬಿಡುವುದು. ಹೆಂಡತಿ ಹೊಸ ಸ್ಕೂಟರ್ ಕೊಂಡಾಗಲೂ ಹಾಗೇ ಆಯಿತು. ಅದನ್ನು ನಿಲ್ಲಿಸಲು ಹುಬ್ಬಳ್ಳಿಯಿಂದ ಯಲ್ಲಾಪುರಕ್ಕೆ ರೆಡಿಮೇಡ್ ಶೆಡ್ಡು ಬಂತು. ಬಂತು ಅಂದರೆ, ಕಂಬ, ತಗಡು ಮತ್ತು ಒಂದು ಚೀಲ ನಟ್ಟು-ಬೋಲ್ಟು ಬಂತು. ಜೋಡಿಸಲು ಬಂದವನಿಗೆ ಚಾ ಕುಡಿಸಿ ವಾಪಸು ಕಳಿಸಿದೆ.

"ಆನು ಮೂರು ಗಂಟೆಗೆ ಇಡಗುಂದಿಗೆ ಹೋಗವು. ಗೆಳತಿಯರೆಲ್ಲ ಸ್ಕೂಟರ್ ನೋಡಲೆ ಕಾಯ್ತಾ ಇದ್ದ" ಎಂದಳು ಹೆಂಡತಿ. ಮಧ್ಯಾಹ್ನದ ಊಟದೊಳಗೇ ಮುಗಿಸುತ್ತೇನೆ ಎಂದೆ. ನನ್ನ ಮರ್ಯಾದೆಯೆಲ್ಲ ಆ ಮಾತಿನ ಮೇಲೆ ನಿಂತಿತು.

ಸಹಾಯಕ್ಕೆ ಹೆಂಡತಿಯ ತವರೂರು ಮನ್ಮನೆಯಿಂದ ಅವಳ ಅಣ್ಣ, ಅಂದರೆ ನಮ್ಮ ಭಾವ, ಬಂದಿದ್ದ. ಬಲು ಒಳ್ಳೆಯವನು. ಆದರೆ ಬಾಯಲ್ಲಿ ಸದಾ ಕವಳ. ಎಲೆ-ಅಡಿಕೆಯ ರಸ ತುಂಬಿದ ಬಾಯಿಂದ ಹೊರಡುವುದು ಎರಡೇ ಮಾತು: ಹ್ಞೂಂ, ಉಹ್ಞೂಂ. ಅಳತೆ ತಪ್ಪದಿರಲೆಂದು ಸ್ಕೂಟರನ್ನು ನಡುವೆ ನಿಲ್ಲಿಸಿಕೊಂಡೇ ಕಂಬ ನೆಟ್ಟು ಮಾಡು ಹೊದಿಸಿದೆವು. ಆಮೇಲೆ ನಟ್ಟು ಹಿಡಿಯಲು ಭಾವ ಒಳಗೆ, ಪಾನಾ ತಿರುಗಿಸಲು ನಾನು ಹೊರಗೆ. ಮೂರು ಬದಿ ಸಲೀಸಾಗಿ ಮುಗಿಯಿತು. ನಾಲ್ಕನೆಯ ತಗಡು ಎತ್ತಿಟ್ಟು "ಇದು ಇಲ್ಲಿಗೇ ಅಲ್ದಾ ಭಾವ?" ಎಂದೆ. ಒಳಗಿಂದ ಏನೋ ಹ್ಞೂಂಗುಟ್ಟಿದ. ಈ ಬದಿಯ ನಟ್ಟುಗಳು ಹೊರಗೇ ಇದ್ದವು; ಒಬ್ಬನೇ ಸುತ್ತಲೂ ಬಿಗಿದೆ. ಆಮೇಲೂ ಅವನು ಹ್ಞೂಂಗುಟ್ಟುತ್ತಲೇ, ತಗಡು ಬಡಿಯುತ್ತಲೇ ಇದ್ದ. ಹುರುಪು ಬಂದಿದೆ ಪಾಪ ಎಂದುಕೊಂಡೆ.

ಹೆಂಡತಿ ಹೊಸ ಸೀರೆ ಉಟ್ಟು ಬಂದಳು. ಶೆಡ್ಡಿಗೆ ಒಂದು ಸುತ್ತು ಬಂದಳು. ಇನ್ನೊಂದು ಸುತ್ತೂ ಬಂದಳು.

"ಇದಕ್ಕೆ ಬಾಗ್ಲು ಎಲ್ಲಿದ್ದು? ಅಣ್ಣ ಎಲ್ಲಿದ್ದ?"

ಒಳಗಿಂದ ದೊಡ್ಡದಾಗಿ "ಉಹ್ಞೂಂ!" ಕೇಳಿಸಿತು. ಉಗಿದು ಮಾತಾಡೋಣವೆಂದರೆ ಪಾಪ ಅವನ ಎದುರಿಗೆ ತಂಗಿಯ ಹೊಸ ಸ್ಕೂಟರ್!

ಅವಳು ಸೆರಗು ಸಿಕ್ಕಿಸಿ, ನನ್ನ ಕೈಯಿಂದ ಪಾನಾ ಕಿತ್ತುಕೊಂಡು ಒಂದೊಂದೇ ಬೋಲ್ಟು ಬಿಚ್ಚಿದಳು. ತಗಡು ಸರಿದದ್ದೇ ತಡ, ಭಾವ ಬೇಲಿಗೆ ಓಡಿ ಉಗಿದು ಬಂದು ನನ್ನ ಮೇಲೆ ರೇಗಿದ.

"ಭಾವಾ, ಅದು ಬಾಗ್ಲು ಮಾರಾಯ! ಬಿಜಾಗರಿ ಎನ್ನ ಕೈಲೇ ಇದ್ದು!"

"ಮತ್ತೆ ಹ್ಞೂಂ ಹೇಳಿದ್ಯಲ?"

"ಉಹ್ಞೂಂ ಹೇಳಿದ್ದು!"

ಗಂಟೆ ನಾಲ್ಕು ದಾಟಿತ್ತು. ಹೆಂಡತಿ ಸ್ಕೂಟರ್ ಹೊರಗೆ ತಂದು ನನ್ನತ್ತ ತಿರುಗಿದಳು.

"ಅಣ್ಣನ ಬಾಯಲ್ಲಿ ಕವಳ ಇತ್ತು, ಅಡ್ಡಿಲ್ಲೆ. ನಿಂಗಳ ಕಿವಿಲಿ ಎಂತ ಇತ್ತು?"

ನಾನು ಭಾವನ ಎಲೆ-ಅಡಿಕೆ ಸಂಚಿಗೆ ಕೈಹಾಕಿ ದೊಡ್ಡದೊಂದು ಕವಳ ಕಟ್ಟಿ ಬಾಯಿಗಿಟ್ಟುಕೊಂಡೆ.